ಬಿಡೋಣ ಅಂದದ್ದು

ಹೇಳಬೇಕಾದ ಮಾತನ್ನು ಅವಳು ಮೂರು ದಿನ ಪಾತ್ರೆ ತೊಳೆಯುತ್ತಲೇ ಉರು ಹೊಡೆದಿದ್ದಳು. ತನ್ನ ಮನೆಯಲ್ಲೇ ಬೇರೆಯವರ ಮಗುವನ್ನು ನೋಡಿಕೊಳ್ಳುವ ಕೆಲಸ ಅವಳದು. ಮಗುವಿಗೆ ಒಂದೂವರೆ ವರ್ಷ, ಎಲ್ಲರ ಬಾಯಲ್ಲೂ ಬೆಣ್ಣೆಮುದ್ದೆ. ನೆಲಕ್ಕಿಳಿಸಿದರೆ ಸೂರು ಕಿತ್ತುಹೋಗುವಂತೆ ಅಳು. ಹಾಗಾಗಿ ದಿನವಿಡೀ ಅವನು ಅವಳ ಸೊಂಟದ ಮೇಲೆ. ಅವಳ ನಾಲ್ಕು ವರ್ಷದ ಮಗಳು ಪರದೆಯ ಹಿಂದೆ. ಒಂದು ವಾರದಿಂದ ಊಟಕ್ಕೆ ಕರೆದರೂ ಮಗಳು ಹೊರಬರುತ್ತಿರಲಿಲ್ಲ. ಇನ್ನೂ ಸುಮ್ಮನಿದ್ದರೆ ಹೆತ್ತ ಮಗಳೇ ದೂರವಾಗುತ್ತಾಳೆ ಅನ್ನಿಸಿತ್ತು.

ಸಂಜೆ ಬೆಣ್ಣೆಮುದ್ದೆಯ ತಾಯಿ ಏದುಸಿರು ಬಿಡುತ್ತಾ ಬಂದಾಗ ಉರು ಹೊಡೆದದ್ದರಲ್ಲಿ ಕೊನೆಯ ಒಂದು ಮಾತಷ್ಟೇ ಹೊರಬಂತು.

“ಒಂದನೇ ತಾರೀಖಿನಿಂದ... ಬಿಟ್ಬಿಡೋಣ ಅಂತ.”

“ಅಯ್ಯೋ ಅಕ್ಕಾ! ಬೆಳಿಗ್ಗೆ ಏಳೂವರೆಗೇ ತಾನೇ? ತಿಂಗಳಿಂದ ಕೇಳ್ತಾನೇ ಇದ್ದೆ, ಒಂಬತ್ತಕ್ಕೆ ಬಿಟ್ರೆ ಆಫೀಸಲ್ಲಿ ಬೈಸ್ಕೊಳ್ಳೋದೇ ಆಗಿದೆ. ನೀವು ದೇವರು!” ಎಂದು ಆಕೆ ಮಗುವನ್ನೆತ್ತಿಕೊಂಡು ಹೋಗೇಬಿಟ್ಟಳು.

ಒಳಗಿಂದ ಕೇಳಿಸಿಕೊಂಡಿದ್ದ ಗಂಡ ಬಿದ್ದು ಬಿದ್ದು ನಕ್ಕ. “ಅವಳಿಗೆ ಬಿಡೋದು ಅಂದ್ರೆ ತಂದು ಬಿಡೋದು. ನಿನಗೆ ಕೈಬಿಡೋದು. ಒಳ್ಳೇ ಮಾತು ಹುಡುಕಿದೆ ನೋಡು!”

“ನಗಬೇಡಿ. ನಾನು ಸರಿಯಾಗೇ ಹೇಳ್ದೆ.”

ಹೇಳಿದ್ದಳೇ? ಅಥವಾ ಆಕೆಗೆ ಅರ್ಥವಾಗದಿರಲಿ ಎಂದೇ ಆ ಮಾತು ಆರಿಸಿದ್ದಳೇ? ಅವಳಿಗೇ ತಿಳಿಯಲಿಲ್ಲ.

ಮರುದಿನ ಬಾಗಿಲಲ್ಲೇ ಹೇಳಿದಳು: “ನೀವು ಬಿಡೋದಲ್ಲ, ನಾನು ಬಿಡೋದು. ಈ ತಿಂಗಳು ಪೂರ್ತಿ ನೋಡ್ಕೋತೀನಿ. ಆಮೇಲೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ.”

“ಏನ್ ತಪ್ಪಾಯ್ತಕ್ಕಾ ಇವನಿಂದ?”

“ಇವನಿಂದ ಏನಾಗುತ್ತೆ, ಪಾಪ. ನನ್ನ ಮಗಳು ಪರದೆ ಹಿಂದೆ ಸೇರ್ಕೊಂಡು ವಾರ ಆಯ್ತು.”

ತಾಯಿಯ ಮುಖ ಇಷ್ಟೇ ಇಷ್ಟಾಯಿತು. ಸಿಟ್ಟೋ, ಅಳುವೋ, ಗೊತ್ತಾಗಲಿಲ್ಲ. “ಹಾಗಾದ್ರೆ ಇವತ್ತು ಬಿಡ್ಲಾ, ಬೇಡ್ವಾ?”

“ಬಿಡಿ, ಬಿಡಿ,” ಎಂದಳು. ಅಂದಮೇಲೆ ಅವಳಿಗೆ ನಗು ಬಂತು. ಆಕೆಗೆ ಬರಲಿಲ್ಲ. ಮಗುವನ್ನೂ ಚೀಲವನ್ನೂ ಕೊಟ್ಟು, ತಿರುಗಿ ನೋಡದೆ ಮೆಟ್ಟಿಲಿಳಿದಳು.

ಪರದೆ ಅಲುಗಿತು. ಮಗಳು ತಾನಾಗಿಯೇ ಹೊರಬಂದು ಅಮ್ಮನ ಸೆರಗು ಜಗ್ಗಿದಳು.

“ನೀನು ಅವನಮ್ಮಂಗೆ ಹೇಳ್ದೆ. ಅವನಿಗೆ ಹೇಳಿದ್ಯಾ?”

ಸೊಂಟದ ಮೇಲಿದ್ದ ಬೆಣ್ಣೆಮುದ್ದೆ ಅಮ್ಮನ ಓಲೆ ಹಿಡಿದು ಎಳೆಯುತ್ತಿದ್ದ. ಏನಂತ ಹೇಳುವುದು ಇವನಿಗೆ? ಅವನನ್ನು ಇಳಿಸಲೆಂದು ಬಗ್ಗಿದಳು, ಎದ್ದಳು, ಮತ್ತೆ ಬಗ್ಗಿದಳು.