ಮಗ್ಗ ನಿಂತಾಗ ಕೂಗಿದ ಕಂಪ್ಯೂಟರ್

ಮಗ್ಗದ ಸದ್ದು ಒಮ್ಮೆಲೇ ನಿಂತಿತು. ಗುಳೇದಗುಡ್ಡದ ಆ ಮನೆಯಲ್ಲಿ, ಕಣ್ಣು ಕಾಣದ ನನ್ನ ಗೆಳೆಯ ಮಹಾಂತೇಶ ಮಗ್ಗದ ಸದ್ದಿಗೂ ಮೀರಿ ಕೇಳಲೆಂದು, ಬಂದ ಪತ್ರಗಳನ್ನು ಗಟ್ಟಿಯಾಗಿ ಓದಿ ಹೇಳುವ ಕಂಪ್ಯೂಟರಿನ ದನಿ ಏರಿಸಿಟ್ಟಿದ್ದ. ಅವನ ತಂಗಿಯನ್ನು ನೋಡಲು ಬಂದ ಗಂಡಿನ ಕಡೆಯವರನ್ನು ಬರಮಾಡಿಕೊಳ್ಳಲು ಅವನ ತಾಯಿ ನೇಯುವುದು ಬಿಟ್ಟೆದ್ದಿದ್ದರು. ಹುಡುಗನ ಮನೆಯಲ್ಲಿ ಒಂದು ರಾತ್ರಿ ಉಳಿದು ವಿಚಾರಿಸಿ ಬಂದಿದ್ದ ಅವನ ಸೋದರಮಾವನ ಇ-ಮೇಲನ್ನು ಕಂಪ್ಯೂಟರ್ ಆಗಲೇ ಓದತೊಡಗಿತ್ತು: “ಹುಡುಗ ಬಂಗಾರದಂಥಾಂವ...”

ಗಾಬರಿಯಲ್ಲಿ ನಾನು ಸ್ಪೀಕರಿನ ಗುಂಡಿ ತಿರುಗಿಸಿದೆ, ತಪ್ಪು ದಿಕ್ಕಿಗೆ.

“ಅವರಪ್ಪನ ಗೊರಕಿಗೆ ಮಾಳಿಗಿ ಮಣ್ಣು ಉದರತೈತಿ!” ಎಂಬುದು ಓಣಿಗೆಲ್ಲ ಕೇಳಿಸಿತು.

ಹೊಸ್ತಿಲಲ್ಲಿದ್ದ ಹುಡುಗನ ಅಪ್ಪ ನಕ್ಕರು. “ಖರೆ ಐತ್ರಿ. ಆದ್ರ ನಿಮ್ಮ ಈ ಪೆಟಿಗಿ ಮುಂದ ನಂದೇನೂ ಇಲ್ಲ ಬಿಡ್ರಿ!”

ಮದುವೆ ನಡೆಯಿತು. ನನಗೆ ಮಾತ್ರ ಈಗಲೂ ಕಂಪ್ಯೂಟರ್ ಮಾತಾಡಿದರೆ ಮೊದಲು ಬಾಗಿಲ ಕಡೆ ನೋಡುವ ಚಟ ಉಳಿದಿದೆ.