ಜೀವಕೋಶಕ್ಕೆ ಊಟ ಹಾಕುತ್ತಿದ್ದ ಮೇಷ್ಟ್ರು

ಸ್ವಲ್ಪ ತಾಳಿ, ಇವರ ವಿಷಯ ಕೇಳಿಕೊಂಡೇ ಹೋಗಿ.

ಹುಣಸೂರಿನ ಸೈಬರ್ ಸೆಂಟರಿನಲ್ಲಿ ನನ್ನ ಪಕ್ಕ ಒಬ್ಬ ನಿವೃತ್ತ ಬಯಾಲಜಿ ಮೇಷ್ಟ್ರು ಕೂರುತ್ತಿದ್ದರು. ಬ್ಯಾಕ್ಟೀರಿಯಾದ ಎಲ್ಲ ಜೀನುಗಳ ಕೆಲಸ ಜೋಡಿಸಿ, ಆ ಕೋಶ ಬೆಳೆಯುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುವ ಸಾಫ್ಟ್‌ವೇರನ್ನು ಇಬ್ಬರೂ ನಾವಾಗಿಯೇ ಕಲಿಯುತ್ತಿದ್ದೆವು. ನನ್ನ ಕೋಶದ ಬೆಳವಣಿಗೆ ಯಾವಾಗಲೂ ಸೊನ್ನೆ. ಅವರು ಕನ್ನಡಕ ಹಣೆಗೇರಿಸಿ ಇತ್ತ ಬಗ್ಗುತ್ತಿದ್ದರು.

"ಅದ್ಕೆ ಊಟ ಹಾಕಿದೀಯೇನ್ಲಾ?"

ನೋಡಿದರೆ ಗ್ಲೂಕೋಸ್ ಕೊಡುವುದನ್ನೇ ಮರೆತಿರುತ್ತಿದ್ದೆ.

ಯುಗಾದಿಯ ಮಧ್ಯಾಹ್ನವೂ ಅವರು ಅಲ್ಲೇ ಇದ್ದರು. ಅವತ್ತು ಅವರ ಪರದೆಯಲ್ಲೂ ಸೊನ್ನೆ.

"ಸಾರ್, ಹಬ್ಬದೂಟ ಆಯ್ತಾ?"

"ಒಬ್ನಿಗೇನ್ ಬೇಯ್ಸದು ಬುಡ್ಲಾ. ಮೊದ್ಲು ಇದು ಬೆಳೀಲಿ."

ಮನೆಗೆ ಓಡಿ ಎಲೆಯಲ್ಲಿ ಒಬ್ಬಟ್ಟು ಸುತ್ತಿಕೊಂಡು ಬಂದೆ. ಅಷ್ಟರಲ್ಲಿ ಮೇಷ್ಟ್ರು ಎದ್ದು ಹೋಗಿದ್ದರು, ಕುರ್ಚಿ ಖಾಲಿ. ಪರದೆ ಮಾತ್ರ ಇನ್ನೂ ಆನ್ ಆಗಿಯೇ ಇತ್ತು: ಗ್ಲೂಕೋಸ್ ಕೊಟ್ಟಿದ್ದರು, ಕೋಶ ಬೆಳೆಯುತ್ತಿತ್ತು.

ನಿಮ್ಮ ಪಕ್ಕದಲ್ಲೂ ಹೀಗೆ ಯಾರಾದರೂ ಕೂತಿದ್ದರಾ? ಬರೆದು ತಿಳಿಸಿ.