ಭೀಮಕ್ಕನ ಮೊದಲ ಹರಿಗೋಲು

ಸಾಸ್ವೆಹಳ್ಳಿಯಿಂದ ಸ್ವಲ್ಪ ಕೆಳಗೆ, ತುಂಗಭದ್ರೆ ಎರಡಾಗಿ ಒಡೆದು ಮತ್ತೆ ಕೂಡುವ ಕಡೆ ನಮ್ಮ ಗಡ್ಡೆ. ಸುತ್ತ ಹೊಳೆ, ನಡುವೆ ಒಂದಿಷ್ಟು ಮನೆ. ಬೇಸಿಗೆಯಲ್ಲಿ ಮೊಣಕಾಲುದ್ದದ ನೀರಲ್ಲಿ ನಡೆದೇ ದಾಟುತ್ತೇವೆ. ಮಳೆ ಹಿಡಿಯಿತೋ, ಉಪ್ಪಿಗೂ ಸೀಮೆಎಣ್ಣೆಗೂ ಬಸುರಿ ಬಾಣಂತಿಯರಿಗೂ ಹರಿಗೋಲೇ ಗತಿ. ಅದನ್ನು ಹೆಣೆಯುವವನು ಓಬಣ್ಣ ಒಬ್ಬನೇ. ವಯಸ್ಸಾಗಿ ಅವನ ಕೈ ನಡುಗತೊಡಗಿದಾಗ ಊರಿಗೆಲ್ಲ ಚಿಂತೆ ಹತ್ತಿತು. ಅವನ ಗಂಡುಮಕ್ಕಳಿಬ್ಬರೂ ಹೊನ್ನಾಳಿಯಲ್ಲಿ ಲಾರಿ ಹತ್ತಿದ್ದರು. ಬಿದಿರು ಸೀಳುವ ಕತ್ತಿ ಮುಟ್ಟುವ ಪೈಕಿ ಅಲ್ಲ.

ಹೊಸ ಹರಿಗೋಲಿಗೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಹೆಣೆದವರ ಮನೆಯವರು, ಅದರಲ್ಲೂ ಈಜು ಬಾರದವರು, ಮೊದಲು ಕೂತು ದಾಟಬೇಕು. ಆಮೇಲೇ ಊರವರು. ಓಬಣ್ಣನ ಹೆಂಡತಿ ಅಂಜಮ್ಮ ಜಗಳೂರಿನ ಬಯಲುಸೀಮೆಯವಳು; ತುಂಬಿದ ಹೊಳೆ ಕಂಡರೆ ಅವಳ ಜೀವ ಹಾರುತ್ತಿತ್ತು. ಪ್ರತಿ ಹೊಸ ಹರಿಗೋಲಲ್ಲೂ ಅಂಚು ಬಿಗಿ ಹಿಡಿದು, ಕಣ್ಣು ಮುಚ್ಚಿಕೊಂಡು, ಇಂಥ ಊರಿಗೆ ಕೊಟ್ಟ ತವರಿನವರನ್ನು ಬೈಯುತ್ತಲೇ ಹೋಗಿಬರುತ್ತಿದ್ದಳು. ಅವಳು ಬೈದು ಮುಗಿಸಿ ದಡ ಹತ್ತಿದಳೆಂದರೆ ಹರಿಗೋಲು ಗಟ್ಟಿ ಎಂದೇ ಲೆಕ್ಕ.

ಎಂಬತ್ತೆರಡರ ಬೇಸಿಗೆಯಲ್ಲಿ ಬ್ಲಾಕ್ ಆಫೀಸಿನ ತಿಪ್ಪೇರುದ್ರಸ್ವಾಮಿ ಪ್ಯಾಂಟು ಮಡಚಿಕೊಂಡು ಹೊಳೆ ದಾಟಿ ಬಂದರು. ಕಸುಬು ಕಲಿಯುವವರಿಗೆ ಸರ್ಕಾರ ತಿಂಗಳು ತಿಂಗಳು ಭತ್ಯೆ ಕೊಡುತ್ತದೆ, ಕಲಿಸುವವರಿಗೆ ಗೌರವಧನ, ಕಲಿತು ತೋರಿಸಿದರೆ ಬಿದಿರು, ಟಾರ್ಪಾಲು, ಡಾಂಬರು ಕೊಳ್ಳಲು ಸಹಾಯಧನ ಎಂದರು. ನಮ್ಮ ಗಂಡುಹುಲಿಗಳೆಲ್ಲ ತಲೆ ತುರಿಸಿಕೊಂಡು ಕೂತರು. ಎದ್ದು ಬಂದವಳು ಭೀಮಕ್ಕ.

ಗಂಡ ತೀರಿಕೊಂಡ ಮೇಲೆ ತವರೆಂದು ಗಡ್ಡೆಗೆ ವಾಪಸು ಬಂದವಳು ಅವಳು. ಬರುವಷ್ಟರಲ್ಲಿ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಮಕ್ಕಳೂ ಇಲ್ಲ. ಓಬಣ್ಣ ಹೆಣೆಯುವುದನ್ನು ಚಿಕ್ಕಂದಿನಿಂದ ಆಸೆಗಣ್ಣಿನಿಂದ ನೋಡಿದ್ದಳು, ಆದರೆ ಕೂಲಿ ಬಿಟ್ಟು ಕಲಿಯೋಣವೆಂದರೆ ಹೊಟ್ಟೆ ಕೇಳಬೇಕಲ್ಲ! ಭತ್ಯೆಯ ಮಾತು ಕೇಳಿ ಆ ಆಸೆಗೆ ಜೀವ ಬಂತು.

"ಹೆಂಗಸು ಹರಿಗೋಲು ಹೆಣಿಯಾದಾ? ಕಾಲ ಕೆಟ್ಟೋತು," ಎಂದಳು ಅಂಜಮ್ಮ. ಅಂದಿನಿಂದ ಭೀಮಕ್ಕನ ಹೆಸರು ಹಿಡಿದು ಕರೆದವಳಲ್ಲ. "ಏ ಸರ್ಕಾರದೋಳೇ" ಅಷ್ಟೇ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮೊದಲ ತಿಂಗಳ ಭತ್ಯೆ ಬಂತು, ಆಮೇಲೆ ಸುದ್ದಿಯೇ ಇಲ್ಲ. "ಮೇಲಿಂದ ಬರಬೇಕ್ರೀ" ಎಂದು ತಿಪ್ಪೇರುದ್ರಸ್ವಾಮಿ ಪಾಪ ತಾವೇ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಭೀಮಕ್ಕ ಕುಡುಗೋಲು ಹಿಡಿದು ಮತ್ತೆ ಕೂಲಿಗೆ ಹೊರಟಳು. ಅಂಜಮ್ಮ ದಾರಿಗೆ ಅಡ್ಡ ನಿಂತಳು.

"ಅರ್ಧ ಹೆಣೆದಿದ್ದನ್ನ ನಿಮ್ಮಪ್ಪ ಬಂದು ಮುಗಿಸ್ತಾನಾ? ಒಳಗೆ ಮುದ್ದೆ ಐತೆ. ಉಂಡು ಕುತ್ಕ."

ಆ ಮಳೆಗಾಲವೆಲ್ಲ ಭೀಮಕ್ಕ ಉಂಡಿದ್ದು ಅದೇ ಒಲೆಯ ಮುಂದೆ. ಒಂದು ತುತ್ತು ಮುದ್ದೆ, ಒಂದು ತುತ್ತು ಬೈಗುಳ.

ದೀಪಾವಳಿ ಕಳೆದ ಮೇಲೆ ಹರಿಗೋಲು ನೀರಿಗಿಳಿಯಿತು. ಹೊಳೆ ಇನ್ನೂ ತುಂಬಿಯೇ ಇತ್ತು. ಜನ ಕೂತು ದಾಟಿದ್ದನ್ನು ಕಣ್ಣಾರೆ ಕಂಡರೆ ಮಾತ್ರ ತಿಪ್ಪೇರುದ್ರಸ್ವಾಮಿ ಸಹಾಯಧನದ ಕಾಗದಕ್ಕೆ ರುಜು ಹಾಕುವವರು. ಓಬಣ್ಣ ಮುಂದಾದ. ಊರ ಹಿರಿಯ ಬೆನಕಪ್ಪ ತಡೆದ.

"ನೀನು ಮೀನು ಕಣೋ, ಮುಳುಗಿದ್ರೂ ದಡ ಸೇರ್ತೀಯ. ಹೆಣೆದೋರ ಮನೆಯೋರು ಕೂರಬೇಕು. ಈ ತಾಯಿಗೆ ಮನೆಯೋರು ಅಂತ ಯಾರದಾರೆ?"

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಭೀಮಕ್ಕ ಬಿದಿರಿನ ಚಿಂತೆ ಮಾಡಿದ್ದಳು, ಡಾಂಬರಿನ ಚಿಂತೆ ಮಾಡಿದ್ದಳು. ಇದೊಂದು ಅವಳಿಗೆ ಹೊಳೆದೇ ಇರಲಿಲ್ಲ. ಹುಟ್ಟು ಹಿಡಿದು ನೀರಲ್ಲಿ ತಲೆ ತಗ್ಗಿಸಿ ನಿಂತುಬಿಟ್ಟಳು. ತಿಪ್ಪೇರುದ್ರಸ್ವಾಮಿ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟರು.

ಅಷ್ಟರಲ್ಲಿ ಹಿಂದಿನಿಂದ ಅಂಜಮ್ಮ ಜನರನ್ನು ಸರಿಸಿಕೊಂಡು ಬಂದಳು. ಸೀರೆ ಎತ್ತಿ ಸಿಕ್ಕಿಸಿ, ಹರಿಗೋಲಿಗೆ ಕಾಲಿಟ್ಟು, ಅಂಚು ಬಿಗಿ ಹಿಡಿದು ಕೂತು ಕಣ್ಣು ಮುಚ್ಚಿದಳು.

"ಏನು ಪಿಳಿಪಿಳಿ ನೋಡ್ತೀರಿ? ಮಳೆಗಾಲೆಲ್ಲ ನನ್ನ ಒಲೆ ಮುಂದೆ ಉಂಡೋಳು ಇನ್ಯಾರ ಮನೆಯೋಳು?" ಎಂದು ನಮ್ಮನ್ನು ಗದರಿ, ಕಣ್ಣು ತೆರೆಯದೆಯೇ ಭೀಮಕ್ಕನ ಕಡೆ ತಿರುಗಿದಳು. "ಹುಟ್ಟು ಹಾಕೇ ಭೀಮಿ. ನನ್ನ ಮುಳುಗಿಸಿದ್ರೆ ಸಂಜೆಗೆ ನಿಂಗೆ ಮುದ್ದೆ ಯಾರು ಮಾಡ್ತಾರೆ?"

ಭೀಮಕ್ಕ ಅಳುತ್ತಲೇ ಹುಟ್ಟು ಹಾಕಿದಳು. ಅಂಜಮ್ಮ ತವರಿನವರನ್ನು ಬೈಯುವುದು ದಡದವರೆಗೂ ಕೇಳುತ್ತಿತ್ತು. ನಡುಹೊಳೆಗೆ ಬಂದಾಗ ಬೈಗುಳ ನಿಂತಿತು. ಏನಾಯಿತೋ ಎಂದು ನಾವೆಲ್ಲ ಗಾಬರಿಯಿಂದ ಕತ್ತು ಚಾಚಿದೆವು. ಏನೂ ಆಗಿರಲಿಲ್ಲ. ಅಂಜಮ್ಮ ಕಣ್ಣು ಬಿಟ್ಟು ಹೊಳೆ ನೋಡುತ್ತಿದ್ದಳು.

ಎರಡನೇ ಸಲಕ್ಕೆ ಸಾಹೇಬರು ಕೂತರು, ರುಜು ಹಾಕಿದರು. ಸಹಾಯಧನ ಯಥಾಪ್ರಕಾರ ತಡವಾಗಿ ಬಂತು. ಆಮೇಲೆ ಭೀಮಕ್ಕ ಹೆಣೆದ ಪ್ರತಿ ಹರಿಗೋಲಲ್ಲೂ, ಬದುಕಿರುವ ತನಕ, ಅಂಜಮ್ಮನೇ ಮೊದಲು ಕೂತಳು. ಕಣ್ಣು ಬಿಟ್ಟುಕೊಂಡೇ.